ಲೋಹಶೋಧಕ: ಹೊಸದು ಬೇಕೆ, ಹಳೆಯದು ಸಾಕೆ?

ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಮ್ಮ ಸೊಂಟದ ಬೆಲ್ಟಿನ ಬಕಲ್ಲನ್ನು ಪತ್ತೆಹಚ್ಚಿ ಕುಂಯ್‌ಗುಟ್ಟುವ ಉಪಕರಣವನ್ನು ನೀವು ನೋಡಿದ್ದೀರಿ. ಅದೇ ಕುಟುಂಬಕ್ಕೆ ಸೇರಿದ ಇನ್ನೊಂದು ಉಪಕರಣವಿದೆ. ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ತಟ್ಟೆಯಂತಹ ಸುರುಳಿ, ಹಿಡಿಕೆಯ ಬಳಿ ಪುಟ್ಟ ಪೆಟ್ಟಿಗೆ, ಕಿವಿಗೆ ಹೆಡ್‌ಫೋನ್. ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ, ಅಮೆರಿಕದ ಕಡಲತೀರಗಳಲ್ಲಿ, ಆಸ್ಟ್ರೇಲಿಯಾದ ಹಳೆಯ ಚಿನ್ನದ ಬಯಲುಗಳಲ್ಲಿ ಸಾವಿರಾರು ಜನ ರಜಾದಿನಗಳಲ್ಲಿ ಇದನ್ನು ನೆಲದ ಮೇಲೆ ಆಡಿಸುತ್ತ ನಡೆಯುತ್ತಾರೆ. ಅವರಿಗೆ ಇದೊಂದು ಹವ್ಯಾಸ.

ಈ ಹವ್ಯಾಸಿಗಳನ್ನು ಸದಾ ಕಾಡುವ ಪ್ರಶ್ನೆ ಒಂದೇ: ಕೈಯಲ್ಲಿರುವ ಯಂತ್ರವನ್ನು ಬದಲಿಸಿ ಇನ್ನೂ ಒಳ್ಳೆಯದನ್ನು ಕೊಳ್ಳಬೇಕೆ? ಕೊಳ್ಳುವುದಾದರೆ ಯಾವುದನ್ನು? ಅಂಗಡಿಯ ಜಾಹೀರಾತು ಇದಕ್ಕೆ ಸರಿಯಾದ ಉತ್ತರ ಕೊಡುವುದಿಲ್ಲ. ಯಂತ್ರದ ಚರಿತ್ರೆ ಕೊಡುತ್ತದೆ. ಏಕೆಂದರೆ ಲೋಹಶೋಧಕದ ಪ್ರತಿಯೊಂದು ಸುಧಾರಣೆಯೂ ಯಾವುದೋ ಒಂದು ನಿರ್ದಿಷ್ಟ ತೊಂದರೆಯನ್ನು ನೀಗಲು ಹುಟ್ಟಿದ್ದು. ಆ ತೊಂದರೆ ನಿಮ್ಮದಲ್ಲದಿದ್ದರೆ ಆ ಸುಧಾರಣೆಗೆ ಹಣ ತೆರುವುದು ವ್ಯರ್ಥ. ಬನ್ನಿ, ಆ ಚರಿತ್ರೆಯನ್ನು ಮೊದಲಿನಿಂದ ನೋಡೋಣ.

ಅಧ್ಯಕ್ಷರ ದೇಹದಲ್ಲಿ ಗುಂಡು

1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ಮೇಲೆ ಗುಂಡಿನ ದಾಳಿ ನಡೆಯಿತು. ಒಂದು ಗುಂಡು ಬೆನ್ನಿನ ಮೂಲಕ ದೇಹವನ್ನು ಹೊಕ್ಕಿತು. ಅದು ಎಲ್ಲಿ ನಿಂತಿದೆ ಎಂಬುದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್-ಕಿರಣಗಳ ಶೋಧನೆಗೆ ಇನ್ನೂ 14 ವರ್ಷಗಳಿದ್ದವು. ಆಗ ನೆರವಿಗೆ ಬಂದವರು ಐದು ವರ್ಷಗಳ ಹಿಂದೆಯಷ್ಟೇ ಟೆಲಿಫೋನಿಗೆ ಪೇಟೆಂಟ್ ಪಡೆದಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್.

ಬೆಲ್ ಬಳಸಿದ ತತ್ವ ಹೊಸದಲ್ಲ. ಡೇವಿಡ್ ಹ್ಯೂಸ್ ಎಂಬ ವಿಜ್ಞಾನಿ 1879ರಲ್ಲಿ 'ಪ್ರೇರಣೆಯ ತಕ್ಕಡಿ' ಎನ್ನಬಹುದಾದ ಉಪಕರಣವೊಂದನ್ನು ವಿವರಿಸಿದ್ದರು. ಅದರಲ್ಲಿ ತಂತಿಯ ಸುರುಳಿಗಳನ್ನು ಪರಸ್ಪರ ಸರಿದೂಗುವಂತೆ ಜೋಡಿಸಲಾಗಿತ್ತು. ಒಂದರ ಪ್ರಭಾವವನ್ನು ಇನ್ನೊಂದು ಅಳಿಸಿಹಾಕುವುದರಿಂದ ಟೆಲಿಫೋನಿನಲ್ಲಿ ಸದ್ದೇ ಇರುವುದಿಲ್ಲ. ಒಂದು ಸುರುಳಿಯ ಬಳಿ ಲೋಹದ ಚೂರನ್ನು ತಂದರೆ ಸಮತೋಲ ತಪ್ಪಿ ಸದ್ದು ಕೇಳಿಸುತ್ತದೆ. ಬೆಲ್ ಇದೇ ತತ್ವದಲ್ಲಿ ಗುಂಡು ಹುಡುಕುವ ಉಪಕರಣವನ್ನು ರೂಪಿಸಿದರು. ಅಂತರ್ಯುದ್ಧದಲ್ಲಿ ಗುಂಡೇಟು ತಿಂದು, ಗುಂಡನ್ನು ಮೈಯೊಳಗೇ ಇಟ್ಟುಕೊಂಡು ಬದುಕಿದ್ದ ಮಾಜಿ ಸೈನಿಕರ ಮೇಲೆ ಪರೀಕ್ಷಿಸಿದಾಗ ಅದು ಕೆಲಸ ಮಾಡಿತು.

ಆದರೆ ಅಧ್ಯಕ್ಷರ ಹಾಸಿಗೆಯ ಬಳಿ ಜುಲೈ 26ರಂದು ಹಾಗೂ ಆಗಸ್ಟ್ 1ರಂದು ನಡೆದ ಎರಡು ಪ್ರಯತ್ನಗಳೂ ವಿಫಲವಾದವು. ಹಾಸಿಗೆಯಲ್ಲಿ ಉಕ್ಕಿನ ತಂತಿಗಳಿದ್ದವೆಂಬುದು ಬೆಲ್‌ಗೆ ಆಮೇಲೆ ತಿಳಿಯಿತು. ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿತ್ತು. ಗುಂಡು ದೇಹದ ಬಲಭಾಗದಲ್ಲಿದೆ ಎಂದು ಮುಖ್ಯ ವೈದ್ಯರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಹುಡುಕಾಟವೂ ಆ ಕಡೆಗೇ ಸೀಮಿತವಾಯಿತು. ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು. ಶವಪರೀಕ್ಷೆಯಲ್ಲಿ ಗುಂಡು ಎಡಭಾಗದಲ್ಲಿ ಸಿಕ್ಕಿತು.

ಇಲ್ಲಿಯೇ ನಮಗೆ ಮೊದಲ ಪಾಠ ಸಿಗುತ್ತದೆ. ಉಪಕರಣ ಎಷ್ಟೇ ಸೂಕ್ಷ್ಮವಾಗಿರಲಿ, ಸುತ್ತಲಿನ ಬೇಡದ ಲೋಹ ಅದನ್ನು ಕಿವುಡಾಗಿಸಬಲ್ಲದು. ತಪ್ಪು ಜಾಗದಲ್ಲಿ ಹುಡುಕಿದರೆ ಯಾವ ಉಪಕರಣವೂ ಪ್ರಯೋಜನಕ್ಕೆ ಬಾರದು.

ವಿಮಾನದ ದಾರಿ ತಪ್ಪಿಸಿದ ಬಂಡೆ

ಮುಂದಿನ ಹೆಜ್ಜೆ ಆಕಸ್ಮಿಕವಾಗಿ ಬಂತು. ಜರ್ಮನಿಯಿಂದ ಅಮೆರಿಕಕ್ಕೆ ಬಂದು ನೆಲೆಸಿದ್ದ ಗೆರ್ಹಾರ್ಡ್ ಫಿಶರ್ ಎಂಬ ಎಂಜಿನಿಯರ್ 1920ರ ದಶಕದಲ್ಲಿ ವಿಮಾನಗಳಿಗೆ ರೇಡಿಯೊ ಅಲೆಗಳಿಂದ ದಿಕ್ಕು ತೋರಿಸುವ ಉಪಕರಣದ ಮೇಲೆ ಕೆಲಸ ಮಾಡುತ್ತಿದ್ದರು. ಕೆಲವು ಪ್ರದೇಶಗಳ ಮೇಲೆ ಹಾರುವಾಗ ಅದು ತಪ್ಪು ದಿಕ್ಕು ತೋರಿಸುತ್ತಿತ್ತು. ಕಾರಣ ಹುಡುಕಿದಾಗ ಅಲ್ಲಿನ ನೆಲದಲ್ಲಿ ವಿದ್ಯುದ್ವಾಹಕ ಅದಿರು ಇರುವುದು ಕಂಡುಬಂತು. ಫಿಶರ್ ಈ ದೋಷವನ್ನೇ ತಿರುಗಿಸಿ ನೋಡಿದರು: ಅದಿರು ರೇಡಿಯೊ ಅಲೆಯನ್ನು ಕೆಡಿಸುವುದಾದರೆ, ಕೆಟ್ಟ ಅಲೆಯಿಂದ ಅದಿರನ್ನು ಪತ್ತೆಹಚ್ಚಬಾರದೇಕೆ?

1931ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಮನೆಯ ಗ್ಯಾರೇಜಿನಲ್ಲಿ, ಅವರ ಪ್ರಯೋಗಾಲಯ ಆರಂಭವಾಯಿತು. ಅವರ 'ಮೆಟಲ್ಲಾಸ್ಕೋಪ್' ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲ. ತಾಮ್ರದ ಸುರುಳಿಗಳಿದ್ದ ಎರಡು ಮರದ ಪೆಟ್ಟಿಗೆಗಳು, ಐದು ನಿರ್ವಾತ ಕೊಳವೆಗಳು, ಇನ್ನಷ್ಟು ಬಿಡಿಭಾಗಗಳು. ಒಂದು ಪೆಟ್ಟಿಗೆ ಅಲೆಯನ್ನು ಕಳಿಸಿದರೆ ಇನ್ನೊಂದು ಸ್ವೀಕರಿಸುತ್ತಿತ್ತು. 1937ರಲ್ಲಿ ಪೇಟೆಂಟ್ ಸಿಕ್ಕಿತು. ಇದನ್ನು ಕೊಂಡವರು ಅದಿರು ಹುಡುಕುವವರು ಮಾತ್ರವಲ್ಲ, ನೆಲದಡಿಯ ಕೊಳವೆ ಎಲ್ಲಿದೆಯೆಂದು ತಿಳಿಯಬೇಕಾದವರೂ ಹೌದು.

ಮರಳಿನಲ್ಲಿ ಮೈನು

ಎರಡನೆಯ ಮಹಾಯುದ್ಧ ಲೋಹಶೋಧಕವನ್ನು ಜೀವ ಉಳಿಸುವ ಸಾಧನವನ್ನಾಗಿ ಮಾಡಿತು. ಜರ್ಮನಿಯ ವಶವಾಗಿದ್ದ ಪೋಲೆಂಡಿನಿಂದ ತಪ್ಪಿಸಿಕೊಂಡು ಬಂದು ಸ್ಕಾಟ್ಲೆಂಡಿನಲ್ಲಿದ್ದ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ 1941ರಲ್ಲಿ ಒಬ್ಬನೇ ಹೊತ್ತು ನಡೆಯಬಲ್ಲ ನೆಲಬಾಂಬು ಶೋಧಕವನ್ನು ರೂಪಿಸಿದರು. ತೂಕ 14 ಕಿಲೋಗ್ರಾಮಿಗೂ ಕಡಿಮೆ. 1942ರ ಅಕ್ಟೋಬರಿನಲ್ಲಿ ಈಜಿಪ್ಟಿನ ಎಲ್ ಅಲಮೇನ್ ಕದನದ ಹೊತ್ತಿಗೆ ಇಂತಹ 500 ಶೋಧಕಗಳು ಬ್ರಿಟಿಷರ ಎಂಟನೆಯ ಸೇನೆಗೆ ತಲಪಿದ್ದವು. ಮೈನು ಹೂತಿದ್ದ ಮರಳನ್ನು ಗಂಟೆಗೆ ಸುಮಾರು 100 ಮೀಟರ್‌ನಂತೆ ತೆರವು ಮಾಡುತ್ತಿದ್ದವರು ಈಗ 200 ಮೀಟರ್ ಸಾಗತೊಡಗಿದರು. ಕೊಸಾಟ್ಸ್ಕಿ ಇದಕ್ಕೆ ಪೇಟೆಂಟಿನ ಹಣ ಕೇಳಲಿಲ್ಲ. ಅವರ ಕುಟುಂಬ ಪೋಲೆಂಡಿನಲ್ಲೇ ಇದ್ದುದರಿಂದ ಯುದ್ಧಕಾಲದಲ್ಲಿ ಹೆಸರನ್ನೂ ಗುಟ್ಟಾಗಿಡಲಾಯಿತು.

ಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಉಳಿದ ಶೋಧಕಗಳು ಅಗ್ಗವಾಗಿ ಮಾರಾಟಕ್ಕೆ ಬಂದವು. ಅವನ್ನು ಕೊಂಡು ಹಳೆಯ ಕದನಭೂಮಿಗಳಲ್ಲಿ, ಪಾಳುಬಿದ್ದ ಗಣಿ ಊರುಗಳಲ್ಲಿ ಓಡಾಡಿದವರಿಂದ ಈ ಹವ್ಯಾಸ ಬೆಳೆಯಿತು. ಟ್ರಾನ್ಸಿಸ್ಟರ್ ಬಂದು ನಿರ್ವಾತ ಕೊಳವೆಯ ಭಾರ ಕಳೆದಾಗ, 1960ರ ದಶಕದಲ್ಲಿ, ಹವ್ಯಾಸಿಗಳಿಗೆಂದೇ ಯಂತ್ರ ಮಾಡುವ ಕಂಪನಿಗಳು ಕಣ್ಣುಬಿಟ್ಟವು. ಅಮೆರಿಕದ ಗ್ಯಾರೆಟ್ ಕಂಪನಿ ಸ್ಥಾಪನೆಯಾದದ್ದು 1964ರಲ್ಲಿ.

ಸದ್ದಿನಿಂದ ಗುರುತಿನ ಕಡೆಗೆ

ಆ ಕಾಲದ ಯಂತ್ರಗಳಲ್ಲಿ ಎರಡು ಆಂದೋಲಕಗಳಿರುತ್ತಿದ್ದವು. ತಂಬೂರಿಯ ಎರಡು ತಂತಿಗಳು ಶ್ರುತಿಯಲ್ಲಿ ಕೂದಲೆಳೆಯಷ್ಟು ಬೇರೆಯಾದರೆ ನಾದದಲ್ಲಿ ಏರಿಳಿತ ಕೇಳಿಸುತ್ತದಲ್ಲವೆ? ಇದೂ ಹಾಗೆಯೇ. ಒಂದು ಆಂದೋಲಕದ ಸುರುಳಿ ನೆಲದ ಮೇಲಿರುತ್ತದೆ. ಅದರ ಹತ್ತಿರ ಲೋಹ ಬಂದಾಗ ಆವೃತ್ತಿ ಬದಲಾಗಿ ಕಿವಿಯಲ್ಲಿ ಸ್ವರ ಏರುತ್ತದೆ ಅಥವಾ ಇಳಿಯುತ್ತದೆ. ಯಂತ್ರ ಸರಳ, ಅಗ್ಗ. ಆದರೆ ಕೊರತೆಗಳು ಎರಡು. ಕಬ್ಬಿಣಾಂಶದ ಮಣ್ಣೂ ಸ್ವರ ಬದಲಿಸುತ್ತಿತ್ತು. ತುಕ್ಕು ಹಿಡಿದ ಮೊಳೆಗೂ ಬೆಳ್ಳಿ ನಾಣ್ಯಕ್ಕೂ ಭೇದ ತಿಳಿಯುವುದು ಕಷ್ಟವಾಗಿತ್ತು.

1970ರ ದಶಕದಲ್ಲಿ ಈ ಎರಡಕ್ಕೂ ಪರಿಹಾರ ಬಂತು. ಅದನ್ನು ಅರಿಯಲು ನೆಲದೊಳಗೆ ನಡೆಯುವುದನ್ನು ಸ್ವಲ್ಪ ಗಮನಿಸಬೇಕು. ಸುರುಳಿಯ ಬದಲಾಗುವ ಕಾಂತಕ್ಷೇತ್ರ ಲೋಹದ ತುಂಡಿನಲ್ಲಿ ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ಈ ಸುಳಿಪ್ರವಾಹ ತನ್ನದೇ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಸ್ವೀಕರಿಸುವ ಸುರುಳಿಗೆ ತಾಗುವುದು ಇದೇ. ದೇವಸ್ಥಾನದ ದೊಡ್ಡ ಗಂಟೆ ಬಾರಿಸಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ತಗಡಿನ ಡಬ್ಬಿ ಬಡಿದರೆ ಟಪ್ಪೆಂದು ಮುಗಿಯುತ್ತದೆ. ಅಂತೆಯೇ ದಪ್ಪ ಬೆಳ್ಳಿ ನಾಣ್ಯದಲ್ಲಿ ಸುಳಿಪ್ರವಾಹ ನಿಧಾನವಾಗಿ ಆರುತ್ತದೆ, ಅಲ್ಯೂಮಿನಿಯಂ ಹಾಳೆಯ ಚೂರಿನಲ್ಲಿ ಬೇಗ ಆರುತ್ತದೆ. ಹೀಗಾಗಿ ಕಳಿಸಿದ ಅಲೆಗೂ ಮರಳಿದ ಅಲೆಗೂ ನಡುವಿನ ತಡ ಲೋಹದಿಂದ ಲೋಹಕ್ಕೆ ಬೇರೆ. ಕೆಲವೇ ಕಿಲೋಹರ್ಟ್ಸ್ ಆವೃತ್ತಿಯಲ್ಲಿ ಕೆಲಸ ಮಾಡುವ ಹೊಸ ಯಂತ್ರಗಳು ಈ ತಡವನ್ನು ಅಳೆದು ಮಣ್ಣಿನ ಸದ್ದನ್ನು ತೆಗೆದುಹಾಕಿದವು. ಮೊಳೆಯನ್ನು ನಾಣ್ಯದಿಂದ ಬೇರ್ಪಡಿಸಿದವು. ಮುಂದೆ ಸಣ್ಣ ಪರದೆಯ ಮೇಲೆ ಅಂಕಿಯಲ್ಲಿ ಲೋಹದ ಗುರುತನ್ನು ತೋರಿಸುವ ಯಂತ್ರಗಳೂ ಬಂದವು.

ಆದರೆ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ತಂಪು ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯೂಮಿನಿಯಂ ಉಂಗುರವೂ ಒಂದು ತೆಳು ಚಿನ್ನದ ಉಂಗುರವೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ರೀತಿ ಕಾಣಿಸಬಹುದು. ಕಸ ಬೇಡವೆಂದು ಆ ಅಂಕಿಯನ್ನು ಮುಚ್ಚಿಟ್ಟರೆ ಚಿನ್ನವೂ ಕೈತಪ್ಪುತ್ತದೆ. ಎಷ್ಟು ದುಬಾರಿ ಯಂತ್ರ ಕೊಂಡರೂ ಈ ಇಕ್ಕಟ್ಟು ಪೂರ್ತಿ ಹೋಗುವುದಿಲ್ಲ.

ಕೆಂಪು ನೆಲದ ಸವಾಲು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಿಂಗೋವರ್ ಬಳಿ 1980ರ ಸೆಪ್ಟೆಂಬರಿನಲ್ಲಿ ಕೆವಿನ್ ಹಿಲಿಯರ್ ಎಂಬವರಿಗೆ 27 ಕಿಲೋಗ್ರಾಂ ಮೀರಿದ ಚಿನ್ನದ ಗಟ್ಟಿಯೊಂದು ಲೋಹಶೋಧಕದಿಂದ ಸಿಕ್ಕಿತು. 'ಹ್ಯಾಂಡ್ ಆಫ್ ಫೇಯ್ತ್' ಎಂದು ಹೆಸರಾದ ಇದು ಶೋಧಕದಿಂದ ದೊರೆತ ಅತಿ ದೊಡ್ಡ ಚಿನ್ನದ ಗಟ್ಟಿ. ಇದರ ಸುದ್ದಿ ಕೇಳಿ ಬಯಲಿಗಿಳಿದ ಅನೇಕರಿಗೆ ಅಲ್ಲಿನ ಕಬ್ಬಿಣಾಂಶದ ಕೆಂಪು ನೆಲ ಬಿಸಿ ಮುಟ್ಟಿಸಿತು. ನಮ್ಮ ಕರಾವಳಿಯ ಮುರಕಲ್ಲಿನಂತಹ ಇಂತಹ ನೆಲದಲ್ಲಿ ಸಾಮಾನ್ಯ ಯಂತ್ರ ಎಲ್ಲೆಂದರಲ್ಲಿ ಕೂಗುತ್ತದೆ.

ಇದಕ್ಕೆ ಮದ್ದು 'ಪಲ್ಸ್ ಇಂಡಕ್ಷನ್' ವಿಧಾನ. ಇದು ಎಡೆಬಿಡದೆ ಅಲೆ ಕಳಿಸುವುದಿಲ್ಲ. ಒಂದು ಮಿಡಿತವನ್ನು ಕಳಿಸಿ, ಥಟ್ಟನೆ ನಿಲ್ಲಿಸಿ, ಅನಂತರ ಉಳಿಯುವ ನಾದವನ್ನಷ್ಟೇ ಆಲಿಸುತ್ತದೆ. ಮಣ್ಣಿನ ಪ್ರತಿಕ್ರಿಯೆ ಬೇಗ ಕುಗ್ಗಿದ ಮೇಲೂ ಲೋಹದ್ದು ಉಳಿದಿರುತ್ತದೆ. ಸ್ವಾರಸ್ಯವೆಂದರೆ ಈ ವಿಧಾನವನ್ನು 1960ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಯೋಗಿಸಿದ್ದು ಪುರಾತತ್ವ ಶೋಧನೆಗೆಂದೇ. ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಕಂಪನಿ 1995ರಲ್ಲಿ ಇದೇ ಬಗೆಯ ಯಂತ್ರವನ್ನು ಚಿನ್ನದ ಬಯಲಿಗಾಗಿ ಮಾರುಕಟ್ಟೆಗೆ ತಂದಾಗ, ಹುಡುಕಿ ಕೈಬಿಟ್ಟಿದ್ದ ನೆಲದಲ್ಲೇ ಮತ್ತೆ ಚಿನ್ನ ಸಿಗತೊಡಗಿತು. ಆದರೆ ಈ ಯಂತ್ರಗಳು ಮೊಳೆಯನ್ನು ಗುರುತಿಸುವುದರಲ್ಲಿ ಹಿಂದೆ. ಮೊಳೆ ತುಂಬಿದ ಹಳೆಯ ಊರಿನ ಹೊಲದಲ್ಲಿ ಇದನ್ನು ಹಿಡಿದರೆ ದಿನವಿಡೀ ತುಕ್ಕು ಅಗೆಯಬೇಕಾದೀತು.

ಉಪ್ಪುನೀರಿನಲ್ಲಿ ನೆನೆದ ಕಡಲ ಮರಳು ಇನ್ನೊಂದು ಬಗೆಯ ಕಾಟ. ಅದೂ ವಿದ್ಯುತ್ತನ್ನು ಹರಿಯಗೊಡುತ್ತದೆ. ಒಂದೇ ಕಾಲಕ್ಕೆ ಹಲವು ಆವೃತ್ತಿಗಳನ್ನು ಬಳಸಿ ಹೋಲಿಸಿ ನೋಡುವ ಯಂತ್ರಗಳು ಇದಕ್ಕೆ ಉತ್ತರ. ಇಂತಹವು 1991ರಿಂದಲೇ ಇದ್ದವು. 2018ರಲ್ಲಿ ಬಂದ ಮೈನ್‌ಲ್ಯಾಬಿನ ಈಕ್ವಿನಾಕ್ಸ್ ಈ ಅನುಕೂಲವನ್ನು ಮಧ್ಯಮ ಬೆಲೆಯ ಯಂತ್ರಕ್ಕೂ ತಂದಿತು.

ಆಳದ ಲೆಕ್ಕ

'ಹೊಸ ಯಂತ್ರ ಎಷ್ಟು ಆಳ ನೋಡುತ್ತದೆ?' ಇದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಇಲ್ಲಿ ಭೌತವಿಜ್ಞಾನ ನಿಷ್ಠುರವಾಗಿದೆ. ಸುರುಳಿಯಿಂದ ದೂರ ಸರಿದಂತೆ ಅದರ ಕಾಂತಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ನಾಣ್ಯದಿಂದ ಮರಳುವ ಕ್ಷೇತ್ರವೂ ಹಾಗೆಯೇ ಕುಗ್ಗುತ್ತದೆ. ಒಟ್ಟಿನಲ್ಲಿ ಸಂಕೇತದ ಬಲ ದೂರದ ಆರನೆಯ ಘಾತಕ್ಕೆ ವಿಲೋಮ. ಅಂದರೆ ಆಳ ಎರಡು ಪಟ್ಟಾದರೆ ಸಂಕೇತ 64ರಲ್ಲಿ ಒಂದು ಪಾಲಾಗುತ್ತದೆ! ಇದನ್ನು ತಿರುಗಿಸಿ ಹೇಳುವುದಾದರೆ, ಸುರುಳಿಯಿಂದ ಹೊರಡುವ ಕಾಂತಕ್ಷೇತ್ರವನ್ನು ಎರಡು ಪಟ್ಟು ಮಾಡಿದರೆ ಆಳ ಹೆಚ್ಚುವುದು ಸುಮಾರು ಶೇಕಡಾ 12ರಷ್ಟು ಮಾತ್ರ. 20 ಸೆಂಟಿಮೀಟರ್ ಆಳದಲ್ಲಿ ಕೇಳುತ್ತಿದ್ದ ನಾಣ್ಯ 22 ಸೆಂಟಿಮೀಟರಿನಲ್ಲಿ ಕೇಳೀತು, ಅಷ್ಟೆ.

ಸುರುಳಿ ದೊಡ್ಡದಾದರೆ ಆಳ ಹೆಚ್ಚೀತಲ್ಲ ಎನ್ನುವಿರಾ? ದೊಡ್ಡ ವಸ್ತುಗಳಿಗೆ ಹೌದು. ಆದರೆ ಸಣ್ಣ ಚೂರುಗಳಿಗೆ ಅದು ಮಂದ. ಕಸ ಹೆಚ್ಚಿರುವ ಕಡೆ ನಾಲ್ಕಾರು ಲೋಹಗಳು ಒಟ್ಟಿಗೇ ಅದರಡಿ ಬಂದು ಸದ್ದು ಕಲಸುಮೇಲೋಗರವಾಗುತ್ತದೆ. ಅಂತಹ ಜಾಗಕ್ಕೆ ಸಣ್ಣ ಸುರುಳಿಯೇ ಲೇಸು. ಎಷ್ಟೋ ಸಲ ಯಂತ್ರವನ್ನೇ ಬದಲಿಸುವ ಬದಲು ಇರುವ ಯಂತ್ರಕ್ಕೆ ಬೇರೆ ಅಳತೆಯ ಸುರುಳಿ ಕೊಂಡರೆ ಸಾಕು.

ಹಳೆಯ ಯಂತ್ರ, ಹೊಸ ಚರಿತ್ರೆ

2009ರ ಜುಲೈನಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನ ಹ್ಯಾಮರ್‌ವಿಚ್ ಬಳಿಯ ಹೊಲದಲ್ಲಿ ಟೆರಿ ಹರ್ಬರ್ಟ್ ಎಂಬ ಹವ್ಯಾಸಿಗೆ ಆಂಗ್ಲೋ-ಸ್ಯಾಕ್ಸನ್ ಕಾಲದ ಚಿನ್ನ ಸಿಗತೊಡಗಿತು. ಒಟ್ಟು ಸುಮಾರು 4 ಕಿಲೋಗ್ರಾಂ ಚಿನ್ನ, ಕತ್ತಿಯ ಹಿಡಿಗಳ ಅಲಂಕಾರಗಳು, ಕೆಂಪು ಹರಳಿನ ಕುಸುರಿ. ಬೆಲೆ 32 ಲಕ್ಷ 85 ಸಾವಿರ ಪೌಂಡ್ ಎಂದು ನಿಗದಿಯಾಯಿತು. ಅವರ ಕೈಯಲ್ಲಿದ್ದ ಯಂತ್ರ 14 ವರ್ಷ ಹಳೆಯದು. ನಿಧಿ ಇದ್ದದ್ದು ನೇಗಿಲು ಆಡುವ ಮೇಲ್ಮಣ್ಣಿನಲ್ಲೇ. ಅಲ್ಲಿ ಬೇಕಾಗಿದ್ದದ್ದು ಸರಿಯಾದ ಹೊಲ, ಹೊಲದ ಒಡೆಯನ ಅನುಮತಿ ಮತ್ತು ತಾಳ್ಮೆ.

ಇನ್ನೊಂದು ಘಟನೆ ಇದಕ್ಕೂ ಹೆಚ್ಚು ಕಲಿಸುತ್ತದೆ. 1992ರ ನವೆಂಬರಿನಲ್ಲಿ ಸಫೋಕ್ ಪ್ರಾಂತದ ಹಾಕ್ಸ್‌ನ್ ಎಂಬಲ್ಲಿ ಎರಿಕ್ ಲಾಸ್ ಎಂಬವರು ಹೊಲದಲ್ಲಿ ಕಳೆದುಹೋದ ಸುತ್ತಿಗೆಯೊಂದನ್ನು ಹುಡುಕುತ್ತಿದ್ದರು. ಸಿಕ್ಕಿದ್ದು ರೋಮನ್ನರ ಕಾಲದ ಸುಮಾರು 15,000 ನಾಣ್ಯಗಳ ನಿಧಿ. ಅವರು ಪೂರ್ತಿ ಅಗೆಯದೆ ಅಧಿಕಾರಿಗಳಿಗೆ ತಿಳಿಸಿದರು. ಪುರಾತತ್ವಜ್ಞರು ಬಂದು ಪದರಪದರವಾಗಿ ತೆಗೆದಾಗ ಆಭರಣ, ಚಮಚ, ಬಟ್ಟಲುಗಳನ್ನು ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿಟ್ಟಿದ್ದರೆಂಬುದೂ ತಿಳಿಯಿತು. ಆ ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದಲ್ಲಿದೆ.

ಎಲ್ಲರೂ ಹೀಗಿರುವುದಿಲ್ಲ. 1980ರ ದಶಕದಲ್ಲಿ ಸರ್ರೆ ಪ್ರಾಂತದ ವಾನ್‌ಬರೊ ಎಂಬಲ್ಲಿ ರೋಮನ್ ಕಾಲದ ದೇಗುಲದ ನಿವೇಶನವನ್ನು ಶೋಧಕ ಹಿಡಿದವರು ರಾತ್ರೋರಾತ್ರಿ ಸೂರೆಗೈದರು. ಈ ಹಗರಣದಿಂದ ಎದ್ದ ಕೂಗು ಮುಂದೆ 1996ರ ನಿಧಿ ಕಾಯಿದೆಗೆ ದಾರಿಮಾಡಿತು. ಅದರಂತೆ ಇಂಗ್ಲೆಂಡಿನಲ್ಲಿ ನಿಧಿ ಸಿಕ್ಕಿದರೆ 14 ದಿನಗಳಲ್ಲಿ ವರದಿ ಮಾಡಬೇಕು. ವಸ್ತುಸಂಗ್ರಹಾಲಯ ಕೊಂಡರೆ ಮಾರುಕಟ್ಟೆಯ ಬೆಲೆಯನ್ನು ಕಂಡವರಿಗೂ ನೆಲದ ಒಡೆಯರಿಗೂ ಹಂಚುವುದು ವಾಡಿಕೆ. 1997ರಲ್ಲಿ ಆರಂಭವಾದ ದಾಖಲಾತಿ ಯೋಜನೆಯಲ್ಲಿ 15 ಲಕ್ಷಕ್ಕೂ ಮಿಕ್ಕಿದ ವಸ್ತುಗಳು, ಸಿಕ್ಕ ಜಾಗದ ವಿವರದೊಂದಿಗೆ, ಸೇರಿವೆ.

2015ರಲ್ಲಿ ಹೆರಫರ್ಡ್‌ಷೈರಿನಲ್ಲಿ ಇಬ್ಬರು ವೈಕಿಂಗರ ಕಾಲದ ನಿಧಿಯೊಂದನ್ನು ಅಗೆದು ಗುಟ್ಟಾಗಿ ಮಾರಿದರು. 2019ರಲ್ಲಿ ಅವರಿಗೆ ಜೈಲಾಯಿತು. ಆದರೆ ಸುಮಾರು 300 ನಾಣ್ಯಗಳಲ್ಲಿ ಆಗ ಮರಳಿ ದೊರೆತದ್ದು ಹತ್ತರಲ್ಲೊಂದು ಪಾಲು. ಆ ಕೆಲವೇ ನಾಣ್ಯಗಳು ವೆಸೆಕ್ಸಿನ ರಾಜ ಆಲ್‌ಫ್ರೆಡ್ ಮತ್ತು ಮರ್ಸಿಯಾದ ರಾಜ ಕಿಯೋಲ್‌ವುಲ್ಫ್ ಮಿತ್ರರಾಗಿದ್ದರೆಂಬುದಕ್ಕೆ ಸಾಕ್ಷಿ ನುಡಿದವು. ಹಳೆಯ ಬರಹಗಳಲ್ಲಿ ಕಿಯೋಲ್‌ವುಲ್ಫ್‌ಗೆ ಸಿಕ್ಕಿದ್ದು ತಿರಸ್ಕಾರ ಮಾತ್ರ. ಉಳಿದ ನಾಣ್ಯಗಳು ಏನು ಹೇಳುತ್ತಿದ್ದವು? ಕೇಳುವ ಅವಕಾಶವನ್ನು ಅವರಿಬ್ಬರು ಕಳೆದರು.

ಅದೇ ಯಂತ್ರ ಸರಿಯಾದ ಕೈಯಲ್ಲಿದ್ದರೆ ಏನಾಗುತ್ತದೆ? 1983ರಲ್ಲಿ ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಕದನಭೂಮಿಯ ಹುಲ್ಲು ಬೆಂಕಿಗೆ ಸುಟ್ಟುಹೋಯಿತು. ಮರುವರ್ಷ ಪುರಾತತ್ವಜ್ಞರು ಹವ್ಯಾಸಿಗಳನ್ನು ಸಾಲಾಗಿ ನಿಲ್ಲಿಸಿ ನೆಲವನ್ನು ಶೋಧಿಸಿದರು. ಸಿಕ್ಕ ಪ್ರತಿ ಗುಂಡಿನ, ಪ್ರತಿ ಕಾಡತೂಸಿನ ಜಾಗವನ್ನೂ ಗುರುತು ಹಾಕಿಕೊಂಡರು. ಕಾಡತೂಸಿನ ಮೇಲೆ ಬಂದೂಕಿನ ಸೂಜಿ ಮೂಡಿಸಿದ ಗುರುತನ್ನು ಹೋಲಿಸಿ, 1876ರ ಆ ಕದನದಲ್ಲಿ ಒಂದೊಂದು ಬಂದೂಕು ಎಲ್ಲಿಂದ ಎಲ್ಲಿಗೆ ಸಾಗಿತೆಂದು ನಕ್ಷೆಯಲ್ಲಿ ತೋರಿಸಿದರು.

ಹಾಗಾದರೆ ಕೊಳ್ಳುವುದು ಯಾವುದನ್ನು?

ಈ ಹವ್ಯಾಸಕ್ಕೆ ಕಾನೂನು ಅವಕಾಶ ಕೊಡುವ ನಾಡಿನಲ್ಲಿ ನೀವಿದ್ದರೆ, ಕೊಳ್ಳುವ ಮುನ್ನ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ.

ನೀವು ಓಡಾಡುವ ನೆಲ ಯಾವುದು? ಸಾಧಾರಣ ಹೊಲ, ಉದ್ಯಾನವಾದರೆ ಒಂದೇ ಆವೃತ್ತಿಯ ಯಂತ್ರ ಸಾಕು. ಒದ್ದೆ ಕಡಲತೀರವಾದರೆ ಬಹು ಆವೃತ್ತಿಯದು ಬೇಕು. ಕಬ್ಬಿಣಾಂಶದ ಚಿನ್ನದ ಬಯಲಾದರೆ ಪಲ್ಸ್ ಯಂತ್ರ.

ಹುಡುಕುವುದು ಏನನ್ನು? ಸಣ್ಣ ಚಿನ್ನದ ಕಣಗಳಿಗೆ ಹೆಚ್ಚು ಆವೃತ್ತಿ ಒಳ್ಳೆಯದು, ದಪ್ಪ ಬೆಳ್ಳಿ ನಾಣ್ಯಕ್ಕೆ ಕಡಿಮೆ ಆವೃತ್ತಿ.

ಈಗಿನ ಯಂತ್ರ ಎಲ್ಲಿ ಸೋಲುತ್ತಿದೆ? ಉತ್ತರವನ್ನು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಹಣ ಕೈಯಲ್ಲಿರಲಿ. ಬೇರೆ ಸುರುಳಿ, ಒಳ್ಳೆಯ ಹೆಡ್‌ಫೋನ್, ಗುಂಡಿಯೊಳಗೆ ವಸ್ತುವನ್ನು ತೋರುವ ಕೈಶೋಧಕ, ಇಷ್ಟಕ್ಕೆ ಕಡಿಮೆ ಹಣ ಸಾಕು. ಒಂದೇ ಯಂತ್ರವನ್ನು ವರ್ಷಗಟ್ಟಲೆ ಬಳಸಿ ಅದರ ಸದ್ದುಗಳಿಗೆ ಪಳಗಿದ ಕಿವಿ ಅಂಗಡಿಯಲ್ಲಿ ಸಿಗುವುದಿಲ್ಲ.

ನಮ್ಮ ನಾಡಿನ ಓದುಗರಿಗೆ ಒಂದು ಮಾತು. ನಮ್ಮಲ್ಲಿ ನಿಧಿ ಹುಡುಕಾಟ ಹವ್ಯಾಸವಲ್ಲ. 1878ರ ಭಾರತೀಯ ನಿಧಿ ಕಾಯಿದೆಯಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೂ ಕಲೆಕ್ಟರಿಗೆ ತಿಳಿಸಬೇಕಿತ್ತು. ಕರ್ನಾಟಕದಲ್ಲಿ 1962ರ ನಿಧಿ ಕಾಯಿದೆ ಇದೆ. ಸಂರಕ್ಷಿತ ಸ್ಮಾರಕಗಳ ನೆಲದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಹಾಳುಬಿದ್ದ ಗುಡಿಯ ಗರ್ಭಗುಡಿಯನ್ನು, ವೀರಗಲ್ಲಿನ ಬುಡವನ್ನು ನಿಧಿಗಳ್ಳರು ಅಗೆದು ಹಾಕಿದ ಸುದ್ದಿಗಳನ್ನು ನೀವು ಓದಿಯೇ ಇರುತ್ತೀರಿ. ಅಲ್ಲಿ ಚಿನ್ನ ಸಿಕ್ಕಿತೋ ಇಲ್ಲವೋ, ಒಡೆದ ಕಲ್ಲಿನ ಮೇಲಿದ್ದ ಬರಹ ಮಾತ್ರ ಮತ್ತೆ ಓದಲು ಸಿಗುವುದಿಲ್ಲ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹಳೆಯ ನಾಣ್ಯ, ಮಡಕೆ, ವಿಗ್ರಹ ಕಂಡರೆ ಅಗೆತ ನಿಲ್ಲಿಸಿ. ಜಾಗವನ್ನು ಹಾಗೆಯೇ ಬಿಟ್ಟು ತಹಸೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ಹಾಕ್ಸ್‌ನ್‌ನ ಹೊಲದಲ್ಲಿ ಸುತ್ತಿಗೆ ಹುಡುಕುತ್ತಿದ್ದವರು ಮಾಡಿದ್ದೂ ಇಷ್ಟೇ.